ಜೀಪಿನ ಬ್ಯಾಟರಿ, ನಮ್ಮೂರ ರೇಡಿಯೋ

ವಿಜಾಪುರದ ಜಲನಗರದಲ್ಲಿ ನಮ್ಮ ಪಕ್ಕದ ಮನೆಯ ಶಕುಂತಲಾ ಒಂದು ಹಳ್ಳಿಗೆ ಅದರದೇ ರೇಡಿಯೋ ಶುರುಮಾಡುವ ತಯಾರಿಯಲ್ಲಿದ್ದಾರೆ. ಮೊನ್ನೆ ಅಂಗೈಯಗಲದ ಕಂಪ್ಯೂಟರೊಂದನ್ನು ನನ್ನ ಮೇಜಿನ ಮೇಲಿಟ್ಟು, ಹಾಡು, ಮಾತು, ಸುದ್ದಿ ಎಲ್ಲವನ್ನೂ ಇದೇ ನಡೆಸುತ್ತದೆ ಎಂದರು. ಒಂದು ದೀಪದಷ್ಟೂ ಕರೆಂಟು ತಿನ್ನುವುದಿಲ್ಲವಂತೆ. ಮೆಚ್ಚಬೇಕಾದ ಜಾಗದಲ್ಲಿ ನಾನು ಕೇಳಿದೆ: "ಬ್ಯಾಟರಿ ಯಾರದವ್ವಾ?" ಅವರು ನಕ್ಕರು. ನನಗೆ ನಗು ಬರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಬಬಲೇಶ್ವರದಲ್ಲಿ ಶಾಲೆಯ ಮಾಸ್ತರ. ಸಂತೆಯ ದಿನ ಪಂಚಾಯ್ತಿ ಕಟ್ಟೆಯ ಮೇಲೆ ಒಂದು ಮೈಕು, ಒಂದು ಆಂಪ್ಲಿಫೈಯರ್, ಬೇವಿನ ಮರಕ್ಕೆ ಕಟ್ಟಿದ ಒಂದು ಹಾರ್ನು. ಜನ ಅದನ್ನು ನಮ್ಮೂರ ರೇಡಿಯೋ ಎನ್ನುತ್ತಿದ್ದರು. ಕರೆಂಟನ್ನು ನಂಬುವಂತಿರಲಿಲ್ಲ. ತಿಕೋಟಾದಿಂದ ಸಂತೆಗೆ ಜನರನ್ನು ತರುವ ದಸ್ತಗೀರನ ಜೀಪು ಬಂದು ನಿಂತೊಡನೆ ಅದರ ಬ್ಯಾಟರಿ ಬಿಚ್ಚಿ ನಮ್ಮ ಪೆಟ್ಟಿಗೆಗೆ ಜೋಡಿಸುವುದು, ಸಂಜೆ ಮರಳಿಸುವುದು.

ಜೀಪಿಗೂ ಮೈಕಿಗೂ ಒಂದೇ ಬ್ಯಾಟರಿ ಇಟ್ಟುಕೊಂಡವರು ಮಿತವಾಗಿ ಮಾತಾಡಬೇಕು. ಆದರೆ ಮೈಕು ಹಿಡಿದ ಮಾಸ್ತರನಿಗೆ ಗಂಟೆ ಬಾರಿಸುವವರು ಯಾರು? ಒಂದು ಸಂತೆಯ ದಿನ ಜೋಳದ ಬಿತ್ತನೆಯಿಂದ ಹೊರಟು ಹಲ್ಲುಜ್ಜುವ ಬಗೆಯವರೆಗೆ ಬಂದಿದ್ದೆ. ಹಾರ್ನಿನಲ್ಲಿ ನನ್ನ ದನಿ ನೆಗಡಿ ಹಿಡಿದಂತೆ ಕುಗ್ಗಿತ್ತು. ಆಗ ಬಳೆ ಮಾರುವ ಗಂಗವ್ವ ಕಟ್ಟೆಗೆ ಓಡಿ ಬಂದಳು. ಅವಳ ತುಂಬು ಬಸುರಿ ಸೊಸೆಗೆ ಸಂತೆಯಲ್ಲೇ ನೋವು ಕಾಣಿಸಿಕೊಂಡಿತ್ತು, ರಕ್ತ ಹೋಗುತ್ತಿತ್ತು. ವಿಜಾಪುರದ ದವಾಖಾನೆಗೇ ಒಯ್ಯಬೇಕೆಂದು ಸೂಲಗಿತ್ತಿ ಹೇಳಿದ್ದಳು.

ದಸ್ತಗೀರ ಬ್ಯಾಟರಿ ಕಿತ್ತು ಜೀಪಿಗೆ ಹಾಕಿದ. ಚಾವಿ ತಿರುವಿದರೆ ಒಂದು ನರಳಿಕೆ, ಅಷ್ಟೇ.

"ಎಲ್ಲಾ ನಿಮ್ಮ ಹಲ್ಲಿಗೇ ಹೋತಲ್ರಿ ಮಾಸ್ತರ!"

"ಮತ್ತ ಮೈಕಿಗೆ ಹಚ್ಚೋ, ನೂಕಾಕ ಮಂದೀನ ಕರೀತೇನಿ," ಎಂದೆ.

"ಉಳಿದಿದ್ದು ಇಂಜಿನ್ನಿನ ಕಿಡಿಗೆ ಬೇಕ್ರಿ. ಬಾಯಿಲೇ ಕೂಗ್ರಿ."

ಕೂಗಿದೆ. ಹಾರ್ನಿಲ್ಲದೆ ನನ್ನ ದನಿ ಎಷ್ಟು ಸಣ್ಣದೆಂದು ತಿಳಿದದ್ದು ಅಂದೇ. ಆದರೂ ಮೆಣಸಿನಕಾಯಿ ಮಾರುವವರು ತಕ್ಕಡಿ ಬಿಟ್ಟು ಬಂದರು. "ಇಷ್ಟ ದಿನದಾಗ ಇದೊಂದ ಕೆಲಸದ ಮಾತು ಹೇಳಿದ್ರಿ ನೋಡ್ರಿ," ಎಂದು ಮುದುಕನೊಬ್ಬ ಹೆಗಲು ಕೊಟ್ಟ. ಜೀಪು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹೊರಟಿತು. ಹಿಂದಿನ ಸೀಟಿನಲ್ಲಿ ಗಂಗವ್ವನ ತೊಡೆಯ ಮೇಲೆ ಸೊಸೆಯ ತಲೆ. ಧೂಳು ಕುಳಿತ ಮೇಲೂ ನಮ್ಮ ಕೈಗಳು ಮುಂದಕ್ಕೆ ಚಾಚಿಕೊಂಡೇ ಇದ್ದವು.

ಆಮೇಲಿನ ಮಧ್ಯಾಹ್ನ ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಜೀಪಿನ ಜೊತೆ ಬ್ಯಾಟರಿಯೂ ಹೋಗಿತ್ತು, ರೇಡಿಯೋ ಮೂಕ. ನಾನು ಮೈಕಿನ ತಂತಿ ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಸಂತೆ ಮುಗಿದರೂ ಯಾರೂ ಗಾಡಿಗೆ ಎತ್ತು ಕಟ್ಟಲಿಲ್ಲ. ಎಲ್ಲರ ಕಿವಿ ರಸ್ತೆಯ ಮೇಲೆ.

ಹೊತ್ತು ಮುಳುಗುವಾಗ ಜೀಪು ಬಂತು. ಇಳಿದವನೇ ದಸ್ತಗೀರ ಬ್ಯಾಟರಿ ಬಿಚ್ಚತೊಡಗಿದ. "ತಾಯಿ ಉಳದಾಳ್ರಿ. ಕೂಸೂ ಉಳದೈತಿ, ಹೆಣ್ಣು. ತಗೋರಿ, ಮೈಕಿನ್ಯಾಗ ಹೇಳ್ರಿ."

ಮೈಕು ಹಿಡಿದು ಸುತ್ತ ನೋಡಿದೆ. ಕೇಳಬೇಕಾದವರೆಲ್ಲ ಜೀಪಿನ ಸುತ್ತಲೇ ಇದ್ದರು.

ಇಷ್ಟನ್ನೂ ಕೇಳಿದ ಶಕುಂತಲಾ, "ಇದಕ್ಕ ಯಾರ ಗಾಡಿ ಬ್ಯಾಟರೀನೂ ಬ್ಯಾಡ್ರಿ ಕಾಕಾ, ಬಿಸಿಲು ಸಾಕು," ಎಂದರು. ಸಮಾಧಾನವಾಯಿತು. ನಮ್ಮ ಕಡೆಯ ಬಿಸಿಲನ್ನು ಎಷ್ಟು ಬಳಸಿದರೂ ಯಾರ ಜೀಪೂ ನಿಲ್ಲುವುದಿಲ್ಲ. ಅವರು ಒಂದು ಹಾಡು ಹಚ್ಚಿ, ನಡುವೆಯೇ ನಿಲ್ಲಿಸಿ ತೋರಿಸಿದರು. ಹಾಡು ನಿಂತದ್ದೇ ನಾನು ಎದ್ದು ಕಿಟಕಿಗೆ ಹೋಗಿ, ಅಂದಿನಂತೆಯೇ ರಸ್ತೆಯ ಕಡೆ ಕಿವಿಗೊಟ್ಟೆ.