ಜೆರಾಕ್ಸ್ ಕಾಕಾ ಅವರ ಮೂರು ಅಭಿಪ್ರಾಯ

ಗ್ಯಾಸಿನವರು ಹಳೆಯ ವಿಳಾಸಕ್ಕೆ ಪುರಾವೆ ಕೇಳಿದ್ದರು. ಯಲಹಂಕದ ಈ ಮನೆಗೆ ಬಂದಮೇಲೆ ಒಮ್ಮೆಯೂ ಬಿಚ್ಚದ ಫೈಲಿನಲ್ಲಿ ಮತ್ತಿಕೆರೆಯ ಬಾಡಿಗೆ ಕರಾರಿನ ಜೆರಾಕ್ಸ್ ಸಿಕ್ಕಿತು. ಕೊನೆಯ ಹಾಳೆ ಸೊಟ್ಟಗೆ ಮೂಡಿತ್ತು. ತಿರುಗಿಸಿದರೆ ಹಿಂಬದಿಯಲ್ಲಿ ಹಸಿರು ಸ್ಕೆಚ್ ಪೆನ್ನಿನ ಬರಹ. ಎಡಕ್ಕೆ ವಾಲಿದ ಆ ದುಂಡು ಅಕ್ಷರ ಯಾರದ್ದೆಂದು ಯೋಚಿಸಬೇಕಾಗಲೇ ಇಲ್ಲ. ಹಾಳೆ ಹಿಡಿದು ಅಲ್ಲೇ ನೆಲದ ಮೇಲೆ ಕೂತೆ.

ಮತ್ತಿಕೆರೆಯಲ್ಲಿ ನಾನಿದ್ದದ್ದು ಎರಡನೇ ಮಹಡಿಯ ಒಂದು ಕೋಣೆಯಲ್ಲಿ. ಕೆಳಗೆ ಜೆರಾಕ್ಸ್ ಅಂಗಡಿ. ಅಂಗಡಿಯವರು ಬಾಗಲಕೋಟೆ ಕಡೆಯವರು, ಯಶವಂತಪುರದ ಯಾವುದೋ ಕಾರ್ಖಾನೆಗೆ ಬಂದು, ಅದು ಮುಚ್ಚಿದ ಮೇಲೆ ಒಂದು ಮೆಷಿನ್ ಇಟ್ಟುಕೊಂಡು ಕೂತವರು. ರಸ್ತೆಯವರಿಗೆಲ್ಲ ಅವರು ಕಾಕಾ. ಅಂಗಡಿಯ ಮುಂದೊಂದು ಬೆಂಚು. ಹೂ ಮಾರುವ ಅಮ್ಮ, ಎದುರು ಬಿಲ್ಡಿಂಗಿನ ವಾಚ್‌ಮನ್ ಅಜ್ಜ, ಇಸ್ತ್ರಿ ಅಕ್ಕ, ಯಾರಿಗೆ ಬಿಡುವಾದರೂ ಬಂದು ಕೂರುವುದು ಅಲ್ಲೇ. ಬಿಸಿ ಕಾಗದದ ವಾಸನೆ, ಊದುಬತ್ತಿಯ ವಾಸನೆ ಎರಡೂ ಬೆರೆತು ಮೆಟ್ಟಿಲವರೆಗೂ ಬರುತ್ತಿತ್ತು...

ನಮ್ಮ ರಸ್ತೆಗೊಂದು ವಾಟ್ಸಾಪ್ ಗ್ರೂಪ್ ಇತ್ತು. ಕಾವೇರಿ ನೀರು ಯಾವ ದಿನ ಬಿಡುತ್ತಾರೆ ಎಂದು ತಿಳಿಯಲು ಮಾಡಿದ್ದು. ನೀರು ಬಂದಷ್ಟೇ ಬೇಗ ಅದರೊಳಗೆ ವಾದವೂ ಬಂತು. ಬಿಸಿಬೇಳೆಬಾತಿಗೆ ಬೂಂದಿಯೋ ಚಿಪ್ಸೋ, ಮೆಟ್ರೋದಲ್ಲಿ ಜೋರಾಗಿ ರೀಲ್ಸ್ ಹಾಕುವವರಿಗೆ ದಂಡ ಬೇಕೋ ಬೇಡವೋ, ಹಳೇ ಹಾಡು ಚೆಂದವೋ ಹೊಸದೋ... ಎಲ್ಲ ಹುಡುಗಾಟಿಕೆಯೇ. ಆದರೆ ನಾನು ಮಾತ್ರ ವಾದಕ್ಕೆ ಬಿದ್ದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಏಳುವವಳಲ್ಲ. ಗೆದ್ದ ವಾದದ ಸ್ಕ್ರೀನ್‌ಶಾಟ್ ತೆಗೆದು ನನ್ನಕ್ಕನಿಗೆ ಕಳಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ತಲೆ ಕೆಡಿಸುತ್ತಿದ್ದವರು ಕಾಕಾ ಒಬ್ಬರೇ. ದಂಡ ಹಾಕಲೇಬೇಕು ಎಂದು ಬೆಳಿಗ್ಗೆ ಬರೆಯುವರು, ಮಧ್ಯಾಹ್ನ 'ಪಾಪ, ನೋಡ್ಲಿ ಬಿಡ್ರಿ' ಎನ್ನುವರು. ಒಂದು ಸಲ ಬೂಂದಿಯ ಪರ, ಟೀ ಕುಡಿದು ಬರುವಷ್ಟರಲ್ಲಿ ಚಿಪ್ಸಿನ ಪರ. ಇವರು ನನ್ನ ಕಡೆಯವರೋ ಎದುರು ಕಡೆಯವರೋ ಗೊತ್ತಾಗದೆ ನಾನು ಒದ್ದಾಡುತ್ತಿದ್ದೆ. ಎದುರಾಳಿ ಒಂದು ಕಡೆ ನಿಂತರೆ ತಾನೇ ವಾದ ಮಾಡುವುದು!

ಹೀಗಿರುವಾಗ ಎಲ್ಲರೂ ನೋಡುತ್ತಿದ್ದ ಧಾರಾವಾಹಿಯೊಂದರಲ್ಲಿ ಸೊಸೆ ಮನೆ ಬಿಟ್ಟು ಹೋದಳು. ಸರಿಯೋ ತಪ್ಪೋ ಎಂದು ಗ್ರೂಪ್ ಎರಡಾಯಿತು. ಹೋಗಬಾರದಿತ್ತು, ನಿಂತು ಜಗಳಾಡಬೇಕಿತ್ತು ಎಂದು ನನ್ನ ಹಟ. ಹತ್ತು ಗಂಟೆಗೆ ಕಾಕಾ ಬರೆದರು, 'ಹೋಗಿದ್ದು ಸರಿ.' ಹನ್ನೊಂದಕ್ಕೆ, 'ಮನಿ ಬಿಟ್ಟು ಹೋಗೂದು ತಪ್ಪು.' ಹನ್ನೆರಡಕ್ಕೆ, 'ಹೋಗ್ಲಿ, ಆದ್ರ ಗ್ಯಾಸ್ ಬಂದ್ ಮಾಡಿ ಹೋಗಬೇಕಿತ್ತು.' ನನಗೆ ರೇಗಿತು. 'ಕಾಕಾ, ನಿಮ್ಗೆ ಸ್ವಂತ ಅಭಿಪ್ರಾಯ ಅಂತ ಏನಾದ್ರೂ ಇದ್ಯಾ? ಎರಡು ನಾಲಿಗೆ ಕೇಳಿದ್ದೆ, ನಿಮ್ಗೆ ಮೂರಿದೆ!' ಎಂದು ಹಾಕಿದೆ. ನಗುವ ಮುಖಗಳು ಸಾಲುಗಟ್ಟಿ ಬಂದವು. ಸ್ವಲ್ಪ ಹೊತ್ತಿಗೆ, ಕಾಕಾ ಗ್ರೂಪ್ ಬಿಟ್ಟರು ಎಂಬ ಸಾಲು ಕಾಣಿಸಿತು. ಅದರದ್ದೂ ಸ್ಕ್ರೀನ್‌ಶಾಟ್ ತೆಗೆದೆ.

ವಾರದ ಮೇಲೆ ಮನೆ ಬದಲಿಸುವ ಗಡಿಬಿಡಿಯಲ್ಲಿ ಕರಾರಿನ ಜೆರಾಕ್ಸ್‌ಗೆ ಇಳಿದು ಹೋದೆ. ಕಾಕಾ ಮೆಷಿನ್ ಶುರು ಮಾಡಿ, ಹೊಸ ಕಾಗದದ ಕಟ್ಟು ತರಲು ಒಳಗೆ ಹೋದರು. ಬೆಂಚಿನ ಮೇಲಿದ್ದ ಹೂವಿನಮ್ಮ ಕಟ್ಟುತ್ತಿದ್ದ ಮಾಲೆ ಮಡಿಲಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು.

"ಏನವ್ವಾ, ಅವ್ರನ್ನ ಅಂಗಂದ್ಬಿಟ್ಯಂತೆ? ಸೊಸೆ ಓಗಿದ್ದು ಸರಿ ಅಂತ ಏಳಿದ್ದು ನಾನು ಕಣವ್ವಾ. ತಪ್ಪು ಅಂದಿದ್ದು ವಾಚ್‌ಮನ್ ಅಜ್ಜ. ಗ್ಯಾಸಿಂದು ಇಸ್ತ್ರಿಯವಳ್ದು. ನಮ್ಗೆ ಮೊಬೈಲ್ ಒತ್ತಕ್ಕೆ ಬರಾಕಿಲ್ಲ ಅಂತ ಅವ್ರು ಆಕ್ತಾರೆ."

"ಹೆಸ್ರು ಯಾಕೆ ಹಾಕಲ್ಲ ಮತ್ತೆ?"

"ನಾನೇ ಆಕ್ಬೇಡಿ ಅಂದಿದ್ದು. ನನ್ ಸೊಸೆ ಆ ಗ್ರೂಪ್ನಾಗೇ ಅವ್ಳೆ! ಓಗಿದ್ದು ಸರಿ ಅಂತ ನಾನೇ ಅಂದೆ ಅಂತ ಗೊತ್ತಾದ್ರೆ ನಾಳೆ ನನ್ ಮನೆ ಗತಿ?"

ನಗು ಬರಬೇಕಿತ್ತು, ಬರಲಿಲ್ಲ. ಇಡೀ ರಸ್ತೆಯ ಮುಂದೆ ನಗೆಪಾಟಲಾದರೂ ಈ ಮನುಷ್ಯ ಒಬ್ಬರ ಹೆಸರನ್ನೂ ಹೇಳಿರಲಿಲ್ಲ. ಕಾಕಾ ಹೊರಗೆ ಬಂದರು. ತಪ್ಪಾಯಿತು ಎನ್ನಲು ಬಾಯಿ ತೆರೆದವಳು, ಅದೇಕೋ, "ಕಾಕಾ, ಸೊಸೆ ವಿಷ್ಯದಲ್ಲಿ ನಿಮ್ದೇನಿತ್ತು?" ಎಂದು ಕೇಳಿಬಿಟ್ಟೆ.

ಅವರು ಹಾಳೆಗಳನ್ನು ತಟ್ಟಿ ಸಮ ಮಾಡಿದರು. "ನಂದೇನೈತಿ ಬಿಡ ತಂಗಿ. ಇವರದೆಲ್ಲಾ ಮುಗೀಲಿ, ಆಮ್ಯಾಲ ನೋಡೂಣು" ಎಂದು ನಕ್ಕರು. ನಗುವಿನಲ್ಲಿ ನೋವಿತ್ತೇ, ಇರಲಿಲ್ಲವೇ... ಎಷ್ಟು ಸಲ ನೆನೆಸಿಕೊಂಡರೂ ಪ್ರತಿ ಸಲ ಬೇರೆ ಥರ ಕಾಣುತ್ತದೆ. ಸಾಮಾನಿನ ಆಟೋ ಬಂತು, ನಾನು ಹೊರಟೆ.

ಆಮೇಲೆ ಗ್ರೂಪಿನಲ್ಲಿ ವಾದ ನಡೆಯಿತು, ಆದರೆ ಗ್ಯಾಸ್ ಬಂದ್ ಮಾಡಿ ಹೋಗಬೇಕಿತ್ತು ಎನ್ನುವಂಥ ಮಾತು ಮತ್ತೆ ಬರಲಿಲ್ಲ. ಬೆಂಚಿನವರ ಬಾಯಿ ಮುಚ್ಚಿಸಿದವಳು ನಾನೇ. ಹೋಗಿ ಹೇಳಬೇಕು, ಈ ಭಾನುವಾರ, ಮುಂದಿನ ಭಾನುವಾರ ಎಂದುಕೊಂಡೇ ವರ್ಷಗಳು ಕಳೆದವು. ಕೊನೆಗೆ ಹೋದಾಗ ಅಲ್ಲಿ ಮೊಬೈಲ್ ಕವರಿನ ಅಂಗಡಿ ಇತ್ತು, ಬೆಂಚಿರಲಿಲ್ಲ. ಕಾಕಾ ಊರಿಗೆ, ಮಗಳ ಮನೆಗೆ ಹೋದರೆಂದು ಇಸ್ತ್ರಿ ಅಕ್ಕ ಹೇಳಿದಳು. ತೀರಿಕೊಂಡರೆಂದು ಹಾಲಿನವನು ಹೇಳಿದ. ಇಬ್ಬರೂ ಖಚಿತವಾಗಿಯೇ ಹೇಳಿದರು. ಯಾರನ್ನು ನಂಬಲಿ? ಅವರ ನಂಬರಿಗೆ ಫೋನ್ ಮಾಡಿದರೆ ಆ ನಂಬರೇ ಇಲ್ಲವೆಂದು ಬರುತ್ತದೆ.

ಈಗ ಈ ಹಾಳೆ. ಒಂದು ಬದಿ ಬಳಸಿದ್ದು ತಪ್ಪಿ ಮೆಷಿನ್ನಿನ ಟ್ರೇಗೆ ಸೇರಿರಬೇಕು. ಹಸಿರು ಅಕ್ಷರದಲ್ಲಿ ಹೀಗಿದೆ:

ಹೂವಿನಮ್ಮ – ಸರಿ. (ಹೆಸರು ಬ್ಯಾಡ)
ವಾಚ್‌ಮನ್ ಅಜ್ಜ – ತಪ್ಪು.
ಇಸ್ತ್ರಿ ಅಕ್ಕ – ಗ್ಯಾಸ್ ಬಂದ್ ಮಾಡಬೇಕಿತ್ತು.
ಮ್ಯಾಲಿನ ತಂಗಿ – ನಿಂತು ಜಗಳಾಡಬೇಕಿತ್ತು.
ನಂದು –

ಅಷ್ಟೇ. ಗೆರೆಯ ಮುಂದೆ ಪೆನ್ನು ಊರಿದ ಒಂದು ಹಸಿರು ಚುಕ್ಕೆ. ಗ್ರೂಪಿನಲ್ಲಿ ನನ್ನ ಮೂರು ನಾಲಿಗೆಯ ಮಾತು ಬಂದದ್ದು ಆಗಲೇ ಇರಬೇಕು. ಜಗಳಾಡದೆ, ಆ ಸೊಸೆಯಂತೆ, ಗ್ರೂಪ್ ಬಿಟ್ಟು ಹೋದರಲ್ಲ, ಅದೇ ಅವರ ಉತ್ತರವಾಗಿತ್ತೇ? ಅಥವಾ ಬರೀ ನೊಂದು ಹೋದರೇ? ನನಗೆ ತಿಳಿಯದು, ಇನ್ನು ತಿಳಿಯುವುದೂ ಇಲ್ಲ.

"ತಪ್ಪಾಯ್ತು ಕಾಕಾ" ಎಂದೆ, ಖಾಲಿ ಮನೆಯಲ್ಲಿ, ಜೋರಾಗಿಯೇ. ಕೇಳಿಸಿಕೊಂಡು ಬರೆದುಕೊಳ್ಳುವವರು ಯಾರೂ ಇರಲಿಲ್ಲ.