ಎಡಗೈಯಲ್ಲಿ ಕೊಟ್ಟ ಬಾತುಕೋಳಿ ತತ್ತಿ

ಬಾತುಕೋಳಿ ತತ್ತಿಯನ್ನು ಕಾದ ಎಣ್ಣೆಗೆ ಒಡೆದು ಹಾಕಿದರೆ ಕೋಳಿ ತತ್ತಿಯ ಹಾಗೆ ಮೆತ್ತಗೆ ಹರಡುವುದಿಲ್ಲ. ಬಿಳಿ ಭಾಗ ತಟ್ಟನೆ ಗಟ್ಟಿಯಾಗಿ, ಅಂಚು ಎದ್ದು, ಚರ್ರೆಂದು ಸಿಡಿಯುತ್ತದೆ. ಆ ಸದ್ದಿಗೆ ನಾನು ಈಗಲೂ ಒಲೆಯಿಂದ ಹಿಂದೆ ಜಿಗಿಯುತ್ತೇನೆ. ಅಂಥದೇ ಸದ್ದನ್ನು ಒಂದು ಮುಂಜಾನೆ ನಾನು ಬೇಲಿಯಲ್ಲಿ ಕೇಳಿದ್ದೇನೆ.

ಶಹಾಪುರದಾಚೆ, ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ನನ್ನ ಸೋದರತ್ತೆಯ ಮನೆ. ಮಾಮ ತೀರಿಕೊಂಡ ಮೇಲೆ ಬಾತುಕೋಳಿ, ಗಿನಿ ಕೋಳಿ, ಒಂದು ಜೋಡಿ ಟರ್ಕಿ ಸಾಕಿಕೊಂಡು ಅತ್ತೆ ಒಬ್ಬಳೇ ಇದ್ದಾಳೆ. ರಜೆ ಸಿಕ್ಕಿತೆಂದರೆ ನಾನು ರಂಗಂಪೇಟೆಯಿಂದ ಅಲ್ಲಿಗೆ ಓಡುತ್ತಿದ್ದೆ. ಕಾಲೇಜಿನಲ್ಲಿ ಓದಿದ್ದೆಲ್ಲ ಮರೆತರೂ ಅಲ್ಲಿ ತಿಂದಿದ್ದು ಮರೆಯುವುದಿಲ್ಲ. ಬಾತುಕೋಳಿ ತತ್ತಿಯ ಹಳದಿ ತುಪ್ಪ ಹಾಕಿದಂತೆ ನಾಲಿಗೆಗೆ ಹತ್ತುತ್ತದೆ. ಒಂದಿಷ್ಟು ಕೆಸರಿನ ವಾಸನೆ ಇರುತ್ತದೆ, ಅದಕ್ಕೆ ಬೆಳ್ಳುಳ್ಳಿ ಧಾರಾಳವಾಗಿ ಬೀಳಬೇಕು. ಟರ್ಕಿಯದು ದೊಡ್ಡದು, ರುಚಿ ಮಾತ್ರ ಸಾಧಾರಣ. ಗಿನಿ ಕೋಳಿಯದು ಸಣ್ಣದು, ಸಿಪ್ಪೆ ಕಲ್ಲಿನಂಥದು. ಕುದಿಸಿ, ಉಪ್ಪು ಮೆಣಸು ಹಚ್ಚಿ, ಬಿಸಿ ಜೋಳದ ರೊಟ್ಟಿಯ ಜೊತೆ ತಿಂದರೆ ಆಮೇಲೆ ಕೋಳಿ ತತ್ತಿ ಸಪ್ಪೆ.

ಗಿನಿ ಕೋಳಿ ಗೂಡಿನಲ್ಲಿ ಇಡುವ ಜಾತಿಯಲ್ಲ. ಬೇಲಿಯ ಮುಳ್ಳುಕಂಟಿಯ ಒಳಗೆ ಕದ್ದು ಇಡುತ್ತದೆ. ಅದನ್ನು ತೆಗೆಯುವುದಕ್ಕೆ ಅತ್ತೆಯದೊಂದು ಪದ್ಧತಿ. ಎಲ್ಲವನ್ನೂ ತೆಗೆಯಬಾರದು, ಒಂದೆರಡು ಬಿಡಬೇಕು. ಕೈಯಂತೂ ಹಚ್ಚಲೇಬಾರದು.

"ಮನಶ್ಯಾರ ವಾಸ್ನಿ ಬಡೀತಂದ್ರ ಮತ್ತ ಆ ಕಡಿ ಹಾಯಂಗಿಲ್ಲ ನನ್ನವ್ವಾ, ಬಲು ಸೊಕ್ಕಿನ ಪಕ್ಷಿ ಅದು" ಎನ್ನುತ್ತಿದ್ದಳು. ಅದಕ್ಕೆಂದೇ ಉದ್ದ ಹಿಡಿಕೆಯ ಒಂದು ಕಬ್ಬಿಣದ ಸೌಟು ಇಟ್ಟಿದ್ದಳು. ಅದನ್ನು ಕಂಟಿಯೊಳಗೆ ತೂರಿಸಿ, ಕೂಸನ್ನು ಎತ್ತುವ ಹಾಗೆ ತತ್ತಿ ಎತ್ತುತ್ತಿದ್ದಳು.

ಆ ಮುಂಜಾನೆಯೂ ಸೌಟು ತೂರಿಸಿದಳು. ನಾನು ಹಿಂದೆ, ಬಾತುಕೋಳಿ ಅಟ್ಟುವ ಬಿದಿರ ಗಳ ಹಿಡಿದು ನಿಂತಿದ್ದೆ. ಚರ್ರೆಂದಿತು. ಅತ್ತೆ ಕೂಗಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಸೌಟು ಹಿಡಿದ ಕೈ ಗಡಗಡ ನಡುಗುತ್ತಿತ್ತು, ಬಿಡುತ್ತಿರಲಿಲ್ಲ. ನಾನು ಅವಳ ಸೆರಗು ಹಿಡಿಯಲು ಹೋದೆ. ಹೋದವಳು ಹೇಗೆ ನಿಂತೆನೋ ಗೊತ್ತಿಲ್ಲ, ಕೈಯಲ್ಲಿದ್ದ ಗಳದಿಂದ ಸೌಟಿಗೆ ಹೊಡೆದೆ. ಅದು ಹಾರಿತು, ಅತ್ತೆ ಬಿದ್ದಳು. ಈಗಲೂ ಕನಸಿನಲ್ಲಿ ಕೆಲವೊಮ್ಮೆ ಸೆರಗನ್ನೇ ಹಿಡಿಯುತ್ತೇನೆ.

ಕಂಟಿಯೊಳಗೆ ಬರಿ ತಂತಿ ಎಳೆದಿತ್ತು. ಮಗ್ಗುಲ ಹೊಲದವನು ಹಂದಿಗೆಂದು ಎಳೆದು, ಮನೆಯ ಲೈನಿನಿಂದ ಕರೆಂಟ್ ಕೊಟ್ಟಿದ್ದ. ನಾವು ಶಹಾಪುರದ ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಅಲ್ಲಿ ತಂತಿಯೂ ಇಲ್ಲ, ತಂತಿ ಕಟ್ಟಿದ ಗೂಟವೂ ಇಲ್ಲ. ಅತ್ತೆಯ ಬಲಗೈಗೆ ಮೊಣಕೈವರೆಗೆ ಪಟ್ಟಿ.

"ತಂತಿ ಎಲ್ಲೀದು, ಕರೆಂಟ್ ಎಲ್ಲೀದು?" ಎಂದು ಅವನು ಬೀದಿಯಲ್ಲಿ ನಿಂತು ಹೇಳಿದ. "ಹೆಣ್ಮಗಳಿಗೆ ಪಿತ್ತ ಏರ್ಯಾದ, ಬಿದ್ದಾಳ. ಈ ಸಾಲಿ ಕಲ್ತಾಕಿ ಕಥಿ ಕಟ್ಟಾಕತ್ತಾಳ."

ಠಾಣೆಗೆ ಹೋಗೋಣವೆಂದೆ. ಅತ್ತೆ ತಲೆ ಅಲ್ಲಾಡಿಸಿದಳು. "ನನ್ನ ಗದ್ದಿಗೆ ನೀರು ಅವನ ಹೊಲ ಹಾಯ್ದು ಬರ್ತಾವ. ನೀ ರಂಗಂಪೇಟಿಗೆ ಹೋಗಾಕಿ, ನಾ ಇಲ್ಲೇ ಇರಾಕಿ."

ಊರಿನ ಹಿರಿಯ, ಎಲ್ಲರೂ ಮುತ್ಯಾ ಎನ್ನುವವರು, ರಾಜಿ ಮಾಡಿಸಿದರು. ಅವನು ಅತ್ತೆಯ ಮನೆಗೆ ಬಂದು ಉಣ್ಣಬೇಕು, ಅಲ್ಲಿಗೆ ಮುಗಿಯಿತು. ನಮ್ಮ ಕಡೆ ರಾಜಿ ಊಟದ ತಾಟಿನಲ್ಲಿ ಏನೂ ಬಿಡುವಂತಿಲ್ಲ. ಬಿಟ್ಟರೆ ಮನಸ್ಸಿನಲ್ಲಿ ಹಗೆ ಉಳಿದಿದೆ ಎಂದೇ ಅರ್ಥ. ನನಗೆ ಅವನ ಊಟ ಬೇಕಿರಲಿಲ್ಲ. ಕರೆಂಟ್ ಇತ್ತು ಎಂಬ ಒಂದು ಮಾತು, ಮುತ್ಯಾನ ಎದುರಿಗೆ, ಅವನ ಬಾಯಿಂದಲೇ ಬೇಕಿತ್ತು.

ಅತ್ತೆಯ ಬಲಗೈ ಆಡುತ್ತಿರಲಿಲ್ಲ, ಅಡಿಗೆ ನನ್ನದಾಯಿತು. ಅವನ ಒಂದು ಗುಟ್ಟು ನಮಗೆ ಗೊತ್ತಿತ್ತು. ಅವನಿಗೆ ಮೂಲವ್ಯಾಧಿ. ಬಾತುಕೋಳಿ ತತ್ತಿ ಅದಕ್ಕೆ ಔಷಧ ಎಂದು ಯಾರೋ ಹೇಳಿದ್ದರಂತೆ, ವಾರಕ್ಕೊಮ್ಮೆ ಹಿತ್ತಲ ಬಾಗಿಲಿಗೆ ಬಂದು, ಟವೆಲ್ಲಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದ. ಖಾರ ಅವನಿಗೆ ವಿಷ.

ಸುರಪುರದ ಸಂತೆಯಿಂದ ಗುಂಟೂರು ಮೆಣಸಿನಕಾಯಿ ತಂದೆ. ಬಾತುಕೋಳಿ ತತ್ತಿ ಕುದಿಸಿ, ಸಿಪ್ಪೆ ಬಿಡಿಸಿ, ಒಂದೊಂದಕ್ಕೂ ಚಾಕುವಿನಿಂದ ಆಳವಾಗಿ ಗೀರು ಹಾಕಿದೆ. ಖಾರ ಹಳದಿಯವರೆಗೂ ಇಳಿಯಬೇಕಿತ್ತು. ಹುರಿದ ಗುರೆಳ್ಳು, ಶೇಂಗಾ, ಒಣಕೊಬ್ಬರಿ, ಬೆಳ್ಳುಳ್ಳಿ ಅರೆದು, ಮೆಣಸಿನಕಾಯಿಯನ್ನು ಮತ್ತೆ ಮತ್ತೆ ಹಾಕಿದೆ. ಎಣ್ಣೆ ಕೆಂಪಗೆ ಮೇಲೆ ತೇಲಿತು. ಮುತ್ಯಾನಿಗೆ ಬೇರೆ ಗಡಿಗೆಯಲ್ಲಿ, ಗಿನಿ ಕೋಳಿ ತತ್ತಿ, ಹದವಾದ ಖಾರ. ಅತ್ತೆ ಬಾಗಿಲಲ್ಲಿ ನಿಂತು ಎರಡೂ ಗಡಿಗೆ ನೋಡಿದಳು.

ಮುತ್ಯಾನ ಪಕ್ಕ ಉಣ್ಣಲು ಕುಳಿತವನು ಮೊದಲ ತುತ್ತಿಗೇ ಕೈ ತಡೆದ. ಕಣ್ಣಿನಲ್ಲಿ ನೀರು ಬಂತು.

"ರುಚಿ ಅದ ನೋಡು" ಎಂದರು ಮುತ್ಯಾ, ರೊಟ್ಟಿ ಮುರಿಯುತ್ತ. "ಉಣ್ಣೋ, ಯಾಕ ಕುಂತಿ?"

"ಉಣ್ಣಾಕತ್ತೇನ್ರಿ."

"ಖಾರ ಆತೇನ್ರಿ ಕಾಕಾ?" ಎಂದೆ.

"ಏ, ಖಾರ ಎಲ್ಲೀದು ತಂಗಿ."

"ಹಂಗಂದ್ರ ಇನ್ನೊಂದು ಹಾಕ್ತೀನಿ." ಹಾಕಿದೆ.

ಮುತ್ಯಾ ಅವನ ಮುಖ ನೋಡಿ ನಕ್ಕರು. "ಅತ್ತಿ ಮನಿಗೆ ಬಂದ ಹೊಸ ಸೊಸಿ ಬೆವತಂಗ ಬೆವರಾಕತ್ತಿಯಲ್ಲೋ."

ಅವನು ತುಟಿ ಕಚ್ಚಿ ನುಂಗಿದ. ಬಿಡುವಂತಿಲ್ಲ. ಯಾಕೆ ಆಗುವುದಿಲ್ಲ ಎಂದು ಹೇಳುವಂತೆಯೂ ಇಲ್ಲ. ಕೊನೆಗೆ ಮೆಲ್ಲಗೆ, "ತಂಗಿ, ಒಂದೀಟು ಮೊಸರು" ಎಂದ.

ಮೊಸರಿನ ಗಡಿಗೆ ನನ್ನ ಕೈಯಲ್ಲೇ ಇತ್ತು. ನಾನು ಬಗ್ಗಲಿಲ್ಲ.

"ಕೊಡ್ತೀನ್ರಿ ಕಾಕಾ. ಕರೆಂಟ್ ಇತ್ತೋ ಇಲ್ಲೋ, ಅಷ್ಟು ಹೇಳ್ರಿ."

ಮುತ್ಯಾನ ಕೈ ತಾಟಿನಲ್ಲೇ ನಿಂತಿತು. ಅವನು ನನ್ನನ್ನು ನೋಡಿದ, ಗಡಿಗೆಯನ್ನು ನೋಡಿದ, ತಾಟಿನಲ್ಲಿ ಉಳಿದ ತತ್ತಿಯನ್ನು ನೋಡಿದ. ಕಿವಿ ಕೆಂಪಾಗಿತ್ತು.

"ಇತ್ತು" ಎಂದ. "ಹಂದಿಗೆ ಕೊಟ್ಟಿದ್ದೆ. ಮುಂಜಾನಿ ತಗೀಬೇಕಿತ್ತು, ಮಲಗಿಬಿಟ್ಟೆ."

"ಅಂದ್ರ ಈ ಹುಡುಗಿ ಖರೇ ಹೇಳಿದ್ಲು" ಎಂದರು ಮುತ್ಯಾ. ನಗು ಹೋಗಿತ್ತು. "ಇನ್ನ ಆ ತಂತಿ ಊರಾಗ ಎಲ್ಲೇ ಕಂಡ್ರೂ ಠಾಣೇಕ್ಕ ನಾನೇ ಹೋಗ್ತೀನಿ."

ನಾನು ಬಗ್ಗಿದೆ. ಅಷ್ಟರಲ್ಲಿ ಅತ್ತೆ ಬಂದು ಗಡಿಗೆಯನ್ನು ನನ್ನಿಂದ ತೆಗೆದುಕೊಂಡಳು. ಪಟ್ಟಿ ಕಟ್ಟಿದ ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಿಂದ ಅವನ ತಾಟಿಗೆ ಮೊಸರು ಸುರಿದಳು. ನಮ್ಮಲ್ಲಿ ಉಣ್ಣುವವರಿಗೆ ಯಾರೂ ಎಡಗೈಯಿಂದ ಬಡಿಸುವುದಿಲ್ಲ, ನಾಯಿಗಾದರೂ ಯೋಚನೆ ಮಾಡುತ್ತಾರೆ. ಅವನು ತಲೆ ಎತ್ತಲಿಲ್ಲ. ಕಲಸಿ ತಿಂದ, ತಾಟು ಬರಿದು ಮಾಡಿದ.

ಆಮೇಲಿನ ನಾಲ್ಕು ದಿನ ಅವನು ಹೊಲದ ಕಡೆ ಕಾಣಲಿಲ್ಲ. ನನಗೆ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ, ಇಂದಿಗೂ ಇಲ್ಲ. ಅತ್ತೆಯ ದನಿಯಿಲ್ಲದ ಬಾಯಿ ನೆನಪಾದಾಗಲೆಲ್ಲ ಇನ್ನೊಂದು ಹಿಡಿ ಮೆಣಸಿನಕಾಯಿ ಹಾಕಬಹುದಿತ್ತು ಅನಿಸುತ್ತದೆ.

ಸೌಟು ಈಗ ಕಟ್ಟಿಗೆಯದು. ಅತ್ತೆಯ ಕೈ ವಾಸಿಯಾಗಿದೆ, ಬಲಗೈಯಲ್ಲೇ ರೊಟ್ಟಿ ಬಡಿಯುತ್ತಾಳೆ, ಬಲಗೈಯಲ್ಲೇ ಬಾತುಕೋಳಿಗೆ ಕಾಳು ಹಾಕುತ್ತಾಳೆ. ಆ ನಾಲ್ಕು ದಿನದಲ್ಲಿ ಗುಟ್ಟು ಊರಿಗೆಲ್ಲ ಗೊತ್ತಾಗಿತ್ತು; ಅವನು ಈಗ ಮುಂಬಾಗಿಲಿಗೇ ಬಂದು, ಎಲ್ಲರಿಗೂ ಕೇಳುವಂತೆ "ಎರಡು ತತ್ತಿ ಕೊಡವ್ವಾ" ಎನ್ನುತ್ತಾನೆ. ಅತ್ತೆ ಒಳಗಿನಿಂದ ಬಲಗೈಯಲ್ಲಿ ತತ್ತಿ ಹಿಡಿದು ಬರುತ್ತಾಳೆ. ಹೊಸ್ತಿಲಿಗೆ ಬಂದಾಗ ಒಂದು ಗಳಿಗೆ ನಿಂತು, ಅವನು ನೋಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ತತ್ತಿಯನ್ನು ಎಡಗೈಗೆ ದಾಟಿಸಿಕೊಂಡು ಕೊಡುತ್ತಾಳೆ.