ಸಿಗ್ನಲ್ ಕೊಡುವವರು ಒಬ್ಬರೇ

ನಮ್ಮನೆಯಲ್ಲಿ ಊಟಕ್ಕೆ ಕೂತರೆ ಬಾಯಿಗಿಂತ ಬೆರಳೇ ಹೆಚ್ಚು ಮಾತಾಡುತ್ತದೆ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ನಿಂತು, ಮೇಲೆ ಕೂತ ಆಪರೇಟರಿಗೆ ಸಿಗ್ನಲ್ ಕೊಡುತ್ತಿದ್ದವನು. ಆ ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲ. ತೋರುಬೆರಳು ಮೇಲೆ ಮಾಡಿದರೆ ಎತ್ತು, ಕಿರುಬೆರಳಾದರೆ ಒಂಚೂರೇ ಎತ್ತು, ಮುಷ್ಟಿ ಹಿಡಿದರೆ ನಿಲ್ಲಿಸು. ಅಪ್ಪ ರಿಟೈರ್ ಆದ, ಅವನ ಕೈ ಆಗಲಿಲ್ಲ. ಸಾರಿಗೆ ಕಿರುಬೆರಳು, ಅನ್ನ ಸಾಕಾದರೆ ಮುಷ್ಟಿ. ನಾನು ಮುಷ್ಟಿ ಹಿಡಿದರೆ ಮಾತ್ರ ನಗುತ್ತಿದ್ದ.

“ಸಿಗ್ನಲ್ ಕೊಡೋರು ಒಬ್ರೇ ಕಣೇ. ಇಬ್ರು ಕೊಟ್ರೆ ಲೋಡು ತಲೆ ಮೇಲೆ ಬೀಳುತ್ತೆ.”

ಅಷ್ಟು ಸಾಕು, ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸುರಿಯುತ್ತಿದ್ದಳು. ನನಗೆ ಮೈ ಉರಿದುಹೋಗುತ್ತಿತ್ತು.

ನನ್ನ ಕೆಲಸ ಡೇಟಾ ಸೆಂಟರುಗಳಲ್ಲಿ. ಅಲ್ಲಿ ಬಾಡಿಗೆಗೆ ಸಿಗುವ, ಬೇರೆಯವರ ರ‍್ಯಾಕಿನೊಳಗೆ ನಮ್ಮ ಗಿರಾಕಿಯ ಸ್ಟೋರೇಜ್ ಪೆಟ್ಟಿಗೆ ಕೂರಿಸುವುದು. ರ‍್ಯಾಕ್ ಅಂದರೆ ಆಳೆತ್ತರದ ಕಬ್ಬಿಣದ ಕಪಾಟು. ಎರಡೂ ಪಕ್ಕಕ್ಕೆ ರೈಲು, ಅಂದರೆ ಕಬ್ಬಿಣದ ಜಾರುಪಟ್ಟಿ, ಬಿಗಿದು, ಅದರ ಮೇಲೆ ಪೆಟ್ಟಿಗೆ ಜಾರಿಸಬೇಕು. “ಬೀರುವಲ್ಲಿ ಡಬ್ಬಿ ಇಡೋಕೆ ಇಂಜಿನಿಯರಿಂಗ್ ಓದಬೇಕಾ?” ಅಂತ ಅಪ್ಪ ಕಾಲೆಳೆಯುತ್ತಿದ್ದ.

ಕಂಪನಿ ಬಿಟ್ಟು ಸ್ವಂತಕ್ಕೆ ಹಿಡಿದ ಮೊದಲ ಕೆಲಸ ಶಿವಮೊಗ್ಗದ್ದೇ. ಒಂದು ಸ್ಕ್ಯಾನಿಂಗ್ ಸೆಂಟರಿನ ಚಿತ್ರಗಳನ್ನೆಲ್ಲ ಇಟ್ಟುಕೊಳ್ಳುವ ಪೆಟ್ಟಿಗೆ. ಡೇಟಾ ಸೆಂಟರಿನವರು ಮಧ್ಯಾಹ್ನ ಒಂದರವರೆಗೆ ಮಾತ್ರ ಒಳಗೆ ಬಿಡುತ್ತೇವೆ ಅಂದಿದ್ದರು. ಅಷ್ಟರೊಳಗೆ ಆಗದಿದ್ದರೆ ಕೆಲಸ ಬೆಂಗಳೂರಿನವರಿಗೆ ಕೊಡುವುದಾಗಿ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಜೊತೆಗೆ ಬರಬೇಕಿದ್ದ ಗೆಳತಿಗೆ ಜ್ವರ.

“ನಾನ್ ಬರ್ತೀನಿ ನಡಿ,” ಅಂದ ಅಪ್ಪ. ಇಸ್ತ್ರಿ ಶರಟು ಹಾಕಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದ.

ಒಳಗೆ ಕಾಲಿಟ್ಟರೆ ಚಳಿ, ಜೊತೆಗೆ ನೂರಾರು ಫ್ಯಾನುಗಳ ಭೋರೆನ್ನುವ ಸದ್ದು. ಅಪ್ಪನ ಮುಖ ಅರಳಿತು. “ನಮ್ ಕಾರ್ಖಾನೆ ಇದ್ದಂಗೇ ಇದ್ಯಲ್ಲೇ ಮಾರಾಯ್ತಿ!” ಅಂತ ಕಿವಿಯಲ್ಲಿ ಕಿರುಚಿದ.

ರ‍್ಯಾಕ್ ಒಂದು ಕಂಪನಿಯದು, ರೈಲು ಇನ್ನೊಂದರದು. ರ‍್ಯಾಕಿನಲ್ಲಿ ಚೌಕದ ತೂತು, ರೈಲಿಗೆ ದುಂಡನೆಯ ಗೂಟ. ಬೀಗರಿಬ್ಬರನ್ನು ಒಪ್ಪಿಸುವಷ್ಟೇ ಕಷ್ಟವಾಯಿತು. ಬೇರೆ ಗೂಟ ಹಾಕಿ, ಅಳತೆ ಸರಿಮಾಡಿ ರೈಲು ಬಿಗಿಯುವಷ್ಟರಲ್ಲಿ ಹನ್ನೆರಡೂವರೆ. ಭಾರ ಇಳಿಸಲು ಪೆಟ್ಟಿಗೆಯ ಡಿಸ್ಕುಗಳನ್ನೆಲ್ಲ ತೆಗೆದಿಟ್ಟೆ. ಮುಂದೆ ಎಡಕ್ಕೆ ಅಪ್ಪ, ಬಲಕ್ಕೆ ಅಲ್ಲಿನ ಮೀಸೆಯ ಸಿಬ್ಬಂದಿ ಹಿಡಿದು ಎತ್ತಿದರು. ಎರಡೂ ರೈಲಿನ ಬಾಯಿ ಕಾಣಲಿ ಅಂತ ನಾನು ರ‍್ಯಾಕಿನ ಹಿಂದೆ ನಿಂತೆ.

ಬಲಗಡೆ ಸರಿಯಾಗಿ ಕೂತಿತು. ಅಪ್ಪನ ಕಡೆ ಪೆಟ್ಟಿಗೆ ರೈಲಿಗಿಂತ ಸ್ವಲ್ಪ ಕೆಳಗಿತ್ತು. ಈಗ ತಳ್ಳಿದರೆ ರೈಲು ಡೊಂಕಾಗುತ್ತದೆ, ಬೇರೆ ರೈಲು ನನ್ನ ಹತ್ತಿರ ಇಲ್ಲ. “ತಳ್ಳಬೇಡಿ!” ಅಂತ ಗಂಟಲು ಹರಿಯುವಂತೆ ಕೂಗಿದೆ. ಆ ಸದ್ದಿನಲ್ಲಿ ‘ತಳ್ಳಿ’ ಅಂತಷ್ಟೇ ಕೇಳಿಸಿತೇನೋ, “ಹಾಂ, ತಳ್ಳಿದೆ ಮೇಡಂ!” ಅನ್ನುವಂತೆ ಮೀಸೆಯವರು ತಲೆ ಆಡಿಸಿ ಭುಜ ಕೊಟ್ಟರು.

ಯೋಚಿಸಲಿಲ್ಲ, ಕೈ ತಾನೇ ಮೇಲೆ ಹೋಯಿತು. ಮುಷ್ಟಿ.

ಅಪ್ಪ ಕಲ್ಲಿನ ಹಾಗೆ ನಿಂತ. ಅವನು ನಿಂತದ್ದಕ್ಕೆ ಪೆಟ್ಟಿಗೆಯೂ ನಿಂತಿತು, ಮೀಸೆಯವರೂ ನಿಂತರು. ಅವನ ಕಣ್ಣು ನನ್ನ ಕೈ ಬಿಟ್ಟು ಅಲ್ಲಾಡಲಿಲ್ಲ. ಕಿರುಬೆರಳು ಎತ್ತಿದೆ. ಪೆಟ್ಟಿಗೆ ಒಂದು ಚೂರು ಏರಿತು. ಇನ್ನೊಮ್ಮೆ ಕಿರುಬೆರಳು. ಇನ್ನೊಂದು ಚೂರು. ರೈಲಿನ ಬಾಯಿಗೆ ನೇರವಾದಾಗ ಅಂಗೈ ನನ್ನತ್ತ ಎಳೆದುಕೊಂಡೆ. ಬೆಣ್ಣೆಯಲ್ಲಿ ಜಾರಿದಂತೆ ಒಳಗೆ ಬಂತು. ಚಿಲಕ ಕಚ್ಚಿಕೊಂಡಿದ್ದು ಆ ಗದ್ದಲದಲ್ಲಿ ಕೇಳಿಸಲಿಲ್ಲ, ಪೆಟ್ಟಿಗೆ ಮುಟ್ಟಿದ್ದ ಕೈಗೆ ತಿಳಿಯಿತು. ಎಷ್ಟು ಖುಷಿಯಾಯಿತೆಂದರೆ ರ‍್ಯಾಕಿನ ಹಿಂದೆ ಒಬ್ಬಳೇ ಕುಣಿದೆ. ಒಂದಕ್ಕೆ ಸ್ವಲ್ಪ ಮೊದಲು, ವಾಪಸ್ ಕೂರಿಸಿದ ಡಿಸ್ಕುಗಳೆಲ್ಲ ಹಸಿರು ದೀಪ ಬಿಟ್ಟವು. ಮುಂದಿನ ಪೆಟ್ಟಿಗೆಯನ್ನೂ ನೀವೇ ಹಾಕಿ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು.

ಭದ್ರಾವತಿಯವರೆಗೂ ಅಪ್ಪ ರಸ್ತೆಯ ಹಂಪುಗಳನ್ನು ಬೈಯುತ್ತಾ ಬಂದ.

ಮನೆಯಲ್ಲಿ ಅಮ್ಮ ಬಿಸಿಬಿಸಿ ಅನ್ನ ಬಡಿಸಿದಳು. ಎರಡನೇ ಸಲ ಬಂದಾಗ ಅಭ್ಯಾಸಬಲದಿಂದ ಮುಷ್ಟಿ ಹಿಡಿದೆ. ಅಮ್ಮ ಎಂದಿನಂತೆ ಲೆಕ್ಕಿಸದೆ ಸೌಟು ಎತ್ತಿದಳು.

“ಏಯ್, ನಿಲ್ಸು,” ಅಂದ ಅಪ್ಪ, ತಟ್ಟೆಯಿಂದ ತಲೆ ಎತ್ತದೆ. “ಸಿಗ್ನಲ್ ಬಂತಲ್ಲ, ಕಾಣಲ್ವಾ?”

ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು. ನಿಜ ಹೇಳಬೇಕೆಂದರೆ ನನಗಿನ್ನೂ ಹಸಿವಿತ್ತು. ಆದರೂ ಮುಷ್ಟಿ ಬಿಡಲಿಲ್ಲ.